ಮುಂಗೈ ಕೂದಲು

ಸೊರಬ

ಗಿರೀಶನಿಗೆ,

ಜೇಡ ಅಂಗಾತ ಬಿದ್ದರೆ ಮುಟ್ಟಬೇಡ ಎಂದಿದ್ದೆಯೋ, ಮುಟ್ಟಿ ನೋಡು ಎಂದಿದ್ದೆಯೋ, ಈಗ ನೆನಪಾಗುತ್ತಿಲ್ಲ. ನೀನು ತರಬೇತಿಗೆ ಹೋದ ಮರುವಾರ, ಮರಿ ಮಾಡಿಸಲೆಂದು ನೀನು ಸಾಕಿದ, ಅಂಗೈಯಗಲದ, ಮೈತುಂಬ ಕೂದಲಿನ ಹೆಣ್ಣು ಟರಾಂಟುಲಾ ಜೇಡ ಪೆಟ್ಟಿಗೆಯಲ್ಲಿ ಸತ್ತು ಬಿದ್ದಂತೆ ಕಂಡಿತು. ಎಂಟು ಕಾಲೂ ಇದ್ದವು. ಎತ್ತಿದರೆ ಒಣ ಹೂವಿನಷ್ಟು ಹಗುರ. ನಾಗರಹಾವಿಗೆ ಮಾಡುವಂತೆ ಬಿಳಿ ಬಟ್ಟೆಯಲ್ಲಿ ಸುತ್ತಿ, ಕರಿಬೇವಿನ ಬುಡದಲ್ಲಿ ಹೂತು ಹಾಲೆರೆದೆ. ಪೆಟ್ಟಿಗೆಗೆ ಮತ್ತೆ ಮುಚ್ಚಳ ಹಾಕಲಿಲ್ಲ. ಹೂತದ್ದು ಅದು ಬಿಟ್ಟ ಪೊರೆ ಮಾತ್ರ ಎಂದು ತಿಳಿದದ್ದು ನಿನ್ನೆ.

ಕಣ್ಣು ಹೋದ ಮೇಲೆ ಅಮ್ಮ ಸರಿಯಾಗಿ ಉಂಡವಳಲ್ಲ. ಈ ವಾರ ಕೇಳಿ ಬಡಿಸಿಕೊಳ್ಳುತ್ತಿದ್ದಾಳೆ.

"ಮಧ್ಯಾಹ್ನ ನಿಮ್ಮಪ್ಪ ಬಂದು ನನ್ನ ಕೈ ಮೇಲೆ ಕೈ ಇಟ್ಕಂಡು ಕೂತಿರ್ತಾರೆ ಕಣೋ" ಎಂದಳು.

"ಸತ್ತೋರು ಹ್ಯಾಂಗೆ ಬರ್ತಾರಮ್ಮ?"

"ಮುಂಗೈ ತುಂಬ ಕೂದ್ಲು. ನಂಗೆ ಗೊತ್ತಾಗದಿಲ್ವಾ? ಸುಮ್ನಿರು ಮಾರಾಯ."

ನಿನ್ನೆ ಬಾಗಿಲಲ್ಲಿ ನಿಂತು ನೋಡಿದೆ. ಅವಳು ತನ್ನ ಕೈ ಮೇಲೆ ಕೂತಿದ್ದ ನಿನ್ನ ಜೇಡವನ್ನು ನೇವರಿಸುತ್ತಿದ್ದಳು. ಅದು ಅಲುಗಲಿಲ್ಲ.

ಫೋನಿನಲ್ಲಿ ಹೇಳಿದರೆ ಅವಳಿಗೆ ಕೇಳಿಸುತ್ತದೆ, ಅದಕ್ಕೇ ಈ ಕಾಗದ. ಕಚ್ಚಿದರೆ ಏನು ಮಾಡಬೇಕೆಂದು ಬರೆ. ಈಗ ಊಟವಾಗಿದೆ. ಅಮ್ಮ ತಲೆ ಬಾಚಿಕೊಂಡು, ಅಂಗೈ ಮಗುಚಿಟ್ಟು ಕೂತಿದ್ದಾಳೆ. ಅದನ್ನು ಹಿಡಿದು ಮುಚ್ಚಲು ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ನಾನು ಒಳಗೆ ಹೋಗಲೇ, ಗಿರೀಶ?

ನಿನ್ನ ಅಣ್ಣ,
ಶಿವರಾಮ