ಬೇಸಿಗೆಯಲ್ಲಿ ಪಾಸಾದ ನೆಲ

ಮಾನ್ಯ ಗ್ರಾಮೀಣ ನೈರ್ಮಲ್ಯಾಧಿಕಾರಿಗಳೇ,

ನಮ್ಮ ಹಿತ್ತಲಿನ ನೆಲ ಚೆನ್ನಾಗಿ ನೀರು ಕುಡಿಯುತ್ತದೆ ಎಂದು ತಮ್ಮ ಕಚೇರಿ ಮೊಹರು ಒತ್ತಿ ಹೇಳಿದೆ. ಅದು ಕುಡಿಯುವುದಿಲ್ಲ. ಅದು ಕುಡಿಯದ ಕಾರಣಕ್ಕೆ ನನ್ನ ಅಕ್ಕ ನೀರು ಕುಡಿಯುವುದನ್ನು ಬಿಟ್ಟಳು, ಈಗ ಮೂತ್ರಪಿಂಡ ಕೆಟ್ಟು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ತಮ್ಮ ಬಾಗಿಲಿಗೆ ಅಲೆದು ಸಾಕಾಗಿ, ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಾನು ಬಟ್ಟೆ ಹೊಲಿಯುವವಳು. ಬರವಣಿಗೆಯಲ್ಲಿ ನಯ ನಾಜೂಕು ಕಡಿಮೆಯಾದರೆ ಕ್ಷಮೆ ಇರಲಿ.

ಅಮ್ಮ ಹೋದ ಮೇಲೆ ಬೇಕರಿಯಲ್ಲಿ ಹಿಟ್ಟು ನಾದಿ ನನ್ನನ್ನು ಸಾಕಿದವಳು ಅಕ್ಕ. ಅದೇ ಬೇಕರಿಯ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳಿಗೆ ಗಾಲಿಕುರ್ಚಿಯೇ ಗತಿಯಾಯಿತು. ಪೇಟೆಯ ಬಾಡಿಗೆ ಮನೆಯ ಶೌಚಾಲಯದ ಬಾಗಿಲಲ್ಲಿ ಆ ಕುರ್ಚಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಒಳಚರಂಡಿ ಇನ್ನೂ ತಲುಪದ ಈ ಹಳ್ಳಿಯ ಅಂಚಿನಲ್ಲಿ ಜಾಗ ಹಿಡಿದೆವು. ಬೇರೆಯವರು ಮನೆ ಕಟ್ಟುವಾಗ ನಡುಮನೆ ಎಲ್ಲಿ, ಅಡುಗೆಮನೆ ಎಲ್ಲಿ ಎಂದು ಯೋಚಿಸುತ್ತಾರೆ. ನಾವು ಮೊದಲು ಶೌಚಾಲಯ ನಿರ್ಧರಿಸಿ, ಉಳಿದದ್ದನ್ನು ಅದರ ಸುತ್ತ ಕಟ್ಟಿದೆವು. ಹೊಲಿಗೆಯ ಟೇಪು ಹಿಡಿದು ನಾನು ಗಾಲಿಕುರ್ಚಿಯ ಅಗಲ ಅಳೆಯುತ್ತಿದ್ದರೆ ಅಕ್ಕ, "ಊರಿಗೆಲ್ಲ ಬಟ್ಟೆ ಹೊಲೀತಾಳೆ, ನನಗೆ ಮಾತ್ರ ಕಕ್ಕಸು ಹೊಲೀತಿದ್ದಾಳೆ ನೋಡಿ" ಎಂದು ಗಾರೆಯವರನ್ನು ನಗಿಸುತ್ತಿದ್ದಳು.

ಎಂಥ ವ್ಯವಸ್ಥೆ ಮಾಡಿಸಬೇಕು ಎಂಬುದರಲ್ಲಿ ನಾವೇನೂ ಕಣ್ಣು ಮುಚ್ಚಿ ಹೆಜ್ಜೆ ಇಡಲಿಲ್ಲ. ಸುತ್ತಲಿನ ಮನೆಗಳಲ್ಲಿ ವಿಚಾರಿಸಿದೆವು. ಇಲ್ಲಿನದು ಜೇಡಿಮಣ್ಣು; ಸೆಪ್ಟಿಕ್ ಟ್ಯಾಂಕಿನ ನೀರನ್ನು ಇಂಗುಗುಂಡಿಗೆ ಬಿಟ್ಟವರ ಮನೆಯಲ್ಲೆಲ್ಲ ಮಳೆಗಾಲದಲ್ಲಿ ಅದು ಉಕ್ಕುತ್ತದೆ ಎಂದು ಗೊತ್ತಾಯಿತು. ಅದಕ್ಕೇ ನೆಲದ ಮೇಲೆ ದಿಬ್ಬದಂತೆ ಮರಳು ಹಾಸಿ, ಟ್ಯಾಂಕಿನ ನೀರನ್ನು ಪಂಪಿನಿಂದ ಅಲ್ಲಿಗೆ ಏರಿಸಿ ನಿಧಾನವಾಗಿ ಸೋಸಲು ಬಿಡುವ ವ್ಯವಸ್ಥೆಗೆ ಅನುಮತಿ ಕೋರಿದೆವು. ಖರ್ಚು ನಮ್ಮದು, ಜಾಗ ನಮ್ಮದು, ಮಲವೂ ನಮ್ಮದೇ. ತಮ್ಮಿಂದ ಬೇಕಾಗಿದ್ದದ್ದು ಒಂದು ಒಪ್ಪಿಗೆ ಮಾತ್ರ.

ತಮ್ಮ ಮಣ್ಣು ಪರೀಕ್ಷಕರು ನಡು ಬೇಸಿಗೆಯಲ್ಲಿ ದಯಮಾಡಿಸಿದರು. ಹಿತ್ತಲು ಆಗ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಅವರು ಒಂದು ಕುಳಿ ತೋಡಿಸಿ, ಬಕೆಟ್ ನೀರು ಸುರಿಸಿ, ಗಡಿಯಾರ ನೋಡುವಷ್ಟರಲ್ಲಿ ನೀರು ಮಾಯವಾಗಿತ್ತು.

"ಒಳ್ಳೇ ನೆಲ ಮೇಡಂ. ಇದಕ್ಕೆ ಮರಳು ಗಿರಳು ಯಾಕೆ? ಗುಂಡಿ ತೋಡಿಸಿ, ಸಾಕು."

"ಸಾರ್, ಅದು ಇಂಗಿಲ್ಲ, ಬಿರುಕಲ್ಲಿ ಇಳಿದು ಹೋಗಿದೆ. ಮಳೆ ಬಿದ್ಮೇಲೆ ಒಂದ್ಸಲ ಬಂದು ನೋಡಿ" ಎಂದೆ.

"ಮಳೆಗಾಲದಲ್ಲಿ ಈ ಕೆಸರಲ್ಲಿ ನಮ್ಮ ಜೀಪ್ ಬರುತ್ತಾ ಮೇಡಂ? ಹೂತೇ ಹೋಗುತ್ತೆ. ನಮ್ಮ ಟೆಸ್ಟ್ ಎಲ್ಲಾ ಬೇಸಿಗೇಲೇ ಮುಗಿಸಿಬಿಡ್ತೀವಿ."

ಅಧಿಕಾರಿಗಳೇ, ಈ ಮಾತನ್ನು ನಾನು ಹಲವು ಸಲ ಮೆಲುಕು ಹಾಕಿದ್ದೇನೆ. ಜೀಪು ಹೂತುಹೋಗುವ ನೆಲದಲ್ಲಿ ನೀರು ಇಂಗುವುದಿಲ್ಲ ಎಂದು ತಿಳಿಯಲು ಯಾವ ಪದವಿ ಬೇಕು? ಮಳೆಗಾಲದ ಕಷ್ಟವನ್ನು ಬೇಸಿಗೆಯಲ್ಲಿ ಅಳೆಯುವ ಈ ಜಾಣತನ ತಮ್ಮ ಇಲಾಖೆಗೆ ಯಾರು ಕಲಿಸಿದರು? ನೆಲವನ್ನು ಇಡೀ ದಿನ ನೆನೆಸಿ, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅಳೆಯಬೇಕೆಂದು ತಮ್ಮದೇ ಕೈಪಿಡಿ ಹೇಳುತ್ತದಂತೆ. ಅದನ್ನು ಓದುವವರು ಯಾರೂ ಅಲ್ಲಿ ಇಲ್ಲವೇ? ಅಂತೂ ನಮ್ಮ ನೆಲ ಪಾಸಾಯಿತು. ಪಾಸಾದ ನೆಲಕ್ಕೆ ಮರಳು ಹಾಸಿನ ಅನುಮತಿ ಕೊಡುವಂತಿಲ್ಲ, ಕೇಳದೆ ಕಟ್ಟಿದರೆ ಕೆಡವುತ್ತೇವೆ ಎಂದು ತಿಳಿಸಿದಿರಿ. ವಿಧಿಯಿಲ್ಲದೆ ಗುಂಡಿ ತೋಡಿಸಿದೆವು.

ಮಳೆ ಹಿಡಿಯಿತು, ಬಿರುಕೆಲ್ಲ ಮುಚ್ಚಿತು. ಕೆಲವೇ ವಾರಗಳಲ್ಲಿ ಇಂಗುಗುಂಡಿ ತುಂಬಿ ನೀರು ಹಿಂದಕ್ಕೆ ನುಗ್ಗಿ, ಕಮೋಡಿನಿಂದ ಮೇಲೆದ್ದು ಅಕ್ಕನ ಕೋಣೆಯ ಹೊಸ್ತಿಲಿನವರೆಗೆ ಬಂತು. ಗುಂಡಿ ಖಾಲಿ ಮಾಡುವ ಲಾರಿಯವನು ದೂರದ ಡಾಂಬರು ರಸ್ತೆಯಲ್ಲೇ ನಿಂತು, "ಗಾಡಿ ಹೂತುಹೋಗುತ್ತಮ್ಮಾ, ನೆಲ ಒಣಗಲಿ, ಬರ್ತೀನಿ" ಎಂದು ತಿರುಗಿ ಹೋದ. ಅಲ್ಲಿಂದ ಮುಂದೆ ಅಕ್ಕನಿಗೆ ಬಕೆಟ್ಟೇ ಗತಿಯಾಯಿತು. ಕೊಡೆ ಹಿಡಿದು ಅದನ್ನು ದೂರದ ಬಂಜರಿನ ತನಕ ಒಯ್ದು ಹೂಳುವುದು ನನ್ನ ಕೆಲಸವಾಯಿತು. ನನಗೆ ಅಸಹ್ಯವಿರಲಿಲ್ಲ, ಅವಳು ನನ್ನದನ್ನು ಬಳಿದು ಬೆಳೆಸಿದವಳು. ಆದರೆ ನಾನು ಬಕೆಟ್ ಎತ್ತುವಾಗಲೆಲ್ಲ ಅಕ್ಕ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು.

ಆಮೇಲೆ ಆ ಬಕೆಟ್ ಒಯ್ಯುವ ಕೆಲಸ ಕಡಿಮೆಯಾಗುತ್ತ ಬಂತು. ಅದೇಕೆಂದು ತಿಳಿದದ್ದು ಅವಳಿಗೆ ಚಳಿಜ್ವರ ಬಂದು ಮಾತು ತೊದಲಲು ಶುರುವಾದಾಗ. ನಾನು ಇಟ್ಟು ಹೋಗುತ್ತಿದ್ದ ನೀರನ್ನೆಲ್ಲ ಅವಳು ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದಳು. ತಿಂಗಳುಗಟ್ಟಲೆ ಗಂಟಲು ಒದ್ದೆಯಾಗುವಷ್ಟು ಮಾತ್ರ ಕುಡಿದಿದ್ದಾಳೆ. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಒಂದು ಪೂರ್ತಿ ಹಾಳಾಗಿದೆ ಎಂದರು ಡಾಕ್ಟರು. ಹಾಸಿಗೆಯ ಪಕ್ಕ ಕೂತು, "ಯಾಕೆ ಹೀಗೆ ಮಾಡ್ಕೊಂಡೆ?" ಎಂದು ಕೇಳಿದೆ.

"ನೀನು ಆ ಬಕೆಟ್ ಹಿಡ್ಕೊಂಡು ಮಳೇಲಿ ಹೋಗೋದನ್ನ ನನ್ ಕೈಲಿ ನೋಡಕ್ಕಾಗ್ತಿರ್ಲಿಲ್ಲ ಕಣೇ. ಇದಕ್ಕಾ ನಾನು ನಿನ್ನ ಸಾಕಿದ್ದು?"

ಅಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದೇ ಸಿಟ್ಟಿನಲ್ಲಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ, ತಾವು ಯಾವಾಗಲೂ ಮೀಟಿಂಗಿನಲ್ಲೇ ಇರುತ್ತೀರಿ. ಗುಮಾಸ್ತರು ಸೌಜನ್ಯದಿಂದ ಕುರ್ಚಿ ಕೊಟ್ಟು, ಕರುಣೆಯಿಂದ ಎಲ್ಲ ಕೇಳಿ, "ಮರುಪರೀಕ್ಷೆಗೆ ಅವಕಾಶ ಇದೆ ಮೇಡಂ. ಬೇಸಿಗೆ ಬರಲಿ, ಅರ್ಜಿ ಹಾಕಿ" ಎಂದರು. ಬೇಸಿಗೆಯಲ್ಲಿ ಆ ನೆಲ ಮತ್ತೆ ಬಿರುಕು ಬಿಡುತ್ತದೆ, ಮತ್ತೆ ಪಾಸಾಗುತ್ತದೆ. ವರ್ಷವರ್ಷವೂ ಹೀಗೆ ಪಾಸಾಗುತ್ತಲೇ ಇರುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಪರೀಕ್ಷಕರು ಈಗಲೇ ಬರಲಿ, ಕೆಸರು ಕೆಸರಾಗಿರುವಾಗಲೇ ಬರಲಿ. ಜೀಪು ಬರದಿದ್ದರೆ ನಡೆದು ಬರಲಿ. ನಾನು ದಿನವೂ ಅದೇ ದಾರಿಯಲ್ಲಿ ನಡೆಯುತ್ತೇನೆ. ಕುಳಿ ಎಲ್ಲಿ ಬೇಕಾದರೂ ತೋಡಿಸಲಿ, ನೀರು ಸುರಿಯುವ ಶ್ರಮ ಬೇಡ, ತಾನಾಗಿಯೇ ತುಂಬಿಕೊಳ್ಳುತ್ತದೆ. ಅದನ್ನು ನೋಡಿ ಮರಳು ಹಾಸಲು ಅನುಮತಿ ಕೊಡಿ. ಈ ಜೇಡಿಮಣ್ಣಿನಲ್ಲಿ ಮನೆ ಕಟ್ಟುವ ಇನ್ನೊಬ್ಬರಿಗೆ ಒಣ ನೆಲ ನೋಡಿ ಸಹಿ ಹಾಕಬೇಡಿ.

ಅಕ್ಕ ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ವಾರ್ಡಿನ ಶೌಚಾಲಯದ ಬಾಗಿಲು ಅಗಲವಾಗಿದೆ, ನೀರು ಹೋಗಬೇಕಾದಲ್ಲಿಗೆ ಹೋಗುತ್ತದೆ. ಅವಳು ಕೇಳಿ ಕೇಳಿ ನೀರು ಕುಡಿಯುತ್ತಾಳೆ. ಉಳಿದ ಒಂದು ಮೂತ್ರಪಿಂಡಕ್ಕೆ ನೀರೇ ಔಷಧಿ, ಕಡಿಮೆಯಾದರೆ ಜೀವಕ್ಕೆ ಅಪಾಯ ಎಂದು ಹೇಳಿ, ಬರುವ ವಾರ ಮನೆಗೆ ಕರೆದುಕೊಂಡು ಹೋಗಬಹುದು ಎಂದಿದ್ದಾರೆ ಡಾಕ್ಟರು. ಅವರು ಅತ್ತ ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದು, "ಮನೆಗೆ ಹೋದ್ಮೇಲೂ ಹಿಂಗೇ ಕುಡೀಬಹುದೇನೇ?" ಎಂದು ಕೇಳಿದಳು.

ಇದಕ್ಕೆ ಉತ್ತರ ಕೊಡಬೇಕಾದವರು ತಾವು.

ಇಂತಿ,
ಅಕ್ಕನನ್ನು ಮನೆಗೆ ಕರೆತರಲು ಹೆದರುತ್ತಿರುವ ತಂಗಿ