ಹತ್ತು ದಿನಕ್ಕೊಂದು ತಾಲ್ಲೂಕು ಸುತ್ತುವ ಗಂಡುಹಂದಿಯ ವಿಚಾರ

ಮೂರು ತಾಲ್ಲೂಕುಗಳ ವರಾಹ ತಳಿ ಸುಧಾರಣೆಯ ಭಾರ ಹೊತ್ತ ಮಾನ್ಯ ಅಧಿಕಾರಿಗಳೇ,

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಮಸ್ತ ನಾಗರಿಕರಿಗೆ ಈ ಪತ್ರಿಕೆಯ ಮೂಲಕ ಹೆಮ್ಮೆಯಿಂದ ಘೋಷಿಸುವುದೇನೆಂದರೆ, ಇದೇ ಜುಲೈ ಹದಿನೆಂಟರ ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಸಿಂಧನೂರು ತಾಲ್ಲೂಕಿನ ಗೊರೇಬಾಳದಲ್ಲಿ ಒಂದು ಹೆಣ್ಣುಹಂದಿ ನಿಂತಿತು. ಓಡಲಿಲ್ಲ, ಒದರಲಿಲ್ಲ. ಅದರ ಒಡತಿ ಪಂಪಾವತಿಯವರು ಬೆನ್ನ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಟ್ಟರೂ ಕಿವಿ ನೆಟ್ಟಗೆ ಮಾಡಿಕೊಂಡು ಕಂಬದ ಹಾಗೆ ನಿಂತೇ ಇತ್ತು.

ಇದೇನು ದೊಡ್ಡ ಸುದ್ದಿ ಎಂದು ಓದುಗರು ನಗಬಹುದು. ತಾವು ನಗಬಾರದು. ಹಂದಿ ಬೆದೆಗೆ ಬಂದು ಹೀಗೆ ನಿಲ್ಲುವುದು ಇಪ್ಪತ್ತೊಂದು ದಿನಕ್ಕೊಮ್ಮೆ, ಅದೂ ಎರಡೇ ದಿನ. ಆ ಎರಡು ದಿನದಲ್ಲಿ ಗಂಡು ಸಿಕ್ಕರೆ ಮರಿ. ಸಿಗದಿದ್ದರೆ ತಮ್ಮ ಕಚೇರಿಯ ನೋಟೀಸು. ಪಂಪಾವತಿಯವರಿಗೆ ಸಿಕ್ಕಿದ್ದು ಎರಡನೆಯದು. "ಆರು ತಿಂಗಳಾದರೂ ಘಟಕದ ಸಂತಾನೋತ್ಪತ್ತಿ ಸಾಧನೆ ಶೂನ್ಯ. ಕಾರಣ, ಫಲಾನುಭವಿಯ ನಿರ್ಲಕ್ಷ್ಯ. ಆಗಸ್ಟ್ ಐದರಂದು ಮೂರೂ ಹೆಣ್ಣುಹಂದಿಗಳನ್ನು ಹಿಂಪಡೆಯಲಾಗುವುದು."

ನಿರ್ಲಕ್ಷ್ಯ! ಎಂಥ ತೂಕದ ಪದ. ಅದು ಯಾರ ತಲೆಯ ಮೇಲೆ ಬೀಳಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ತಮ್ಮ ಯೋಜನೆ ಬರುವ ಮೊದಲು ಪಂಪಾವತಿಯವರ ಹತ್ತಿರ ನಾಟಿ ಹಂದಿಗಳಿದ್ದವು, ಜೊತೆಗೊಂದು ನಾಟಿ ಗಂಡು. ಯಾರ ತರಬೇತಿಯೂ ಇಲ್ಲದೆ ಅವು ಎಂಟೋ ಒಂಬತ್ತೋ ಮರಿ ಹಾಕುತ್ತಿದ್ದವು. ಫೆಬ್ರವರಿಯಲ್ಲಿ ತಾವು ಮೂರು ಬಿಳಿ ತಳಿಯ ಹೆಣ್ಣುಮರಿ ಕೊಟ್ಟಿರಿ. ಷರತ್ತು: ತಳಿ ಕೆಡದಂತೆ ಘಟಕದಲ್ಲಿ ನಾಟಿ ಗಂಡು ಇರಕೂಡದು. ಅವರು ಪಾಪ ಗಂಡನ್ನು ಮಾರಿದರು. ಬದಲಿಗೆ ತಾವು ಮೂರು ತಾಲ್ಲೂಕಿಗೂ ಸೇರಿ ಒಂದು ಭಾರಿ ಬಿಳಿ ಗಂಡನ್ನು ತರಿಸಿ, ಅದಕ್ಕೊಂದು ವೇಳಾಪಟ್ಟಿ ಹೊರಡಿಸಿದಿರಿ. ತಿಂಗಳ ಒಂದರಿಂದ ಹತ್ತರವರೆಗೆ ಲಿಂಗಸುಗೂರು. ಹನ್ನೊಂದರಿಂದ ಇಪ್ಪತ್ತು ಮಸ್ಕಿ. ಇಪ್ಪತ್ತೊಂದರಿಂದ ತಿಂಗಳ ಕೊನೆಯವರೆಗೆ ಸಿಂಧನೂರು. ಬರುವುದು, ಉಣ್ಣುವುದು, ಮಲಗುವುದು, ಮುಂದಿನ ತಾಲ್ಲೂಕಿಗೆ ಹೊರಡುವುದು. ಜನ ಅದಕ್ಕೆ 'ದೊಡ್ಡ ಸಾಹೇಬ' ಎಂದು ಹೆಸರಿಟ್ಟಿದ್ದಾರೆ. ತಾವು ಬೇಸರಿಸಿಕೊಳ್ಳಬಾರದು, ಪ್ರೀತಿಯಿಂದ ಇಟ್ಟ ಹೆಸರು.

ಮೇ ತಿಂಗಳಲ್ಲಿ ಸಿಂಧನೂರಿನಲ್ಲಿ ತಾವೇ ತರಬೇತಿ ಕೊಟ್ಟಿರಿ. ನಾನೂ ಹಿಂದಿನ ಸಾಲಿನಲ್ಲಿದ್ದೆ. ಬೆದೆಗೆ ಬಂದ ಹಂದಿಗೆ ಹನ್ನೆರಡನೇ ತಾಸಿಗೆ ಒಮ್ಮೆ, ಇಪ್ಪತ್ತನಾಲ್ಕನೇ ತಾಸಿಗೆ ಇನ್ನೊಮ್ಮೆ ಗಂಡು ಬಿಡಬೇಕು ಎಂದು ಪರದೆಯ ಮೇಲೆ ಬಣ್ಣದ ಬಾಣಗಳು ಓಡಾಡಿದವು. ಪಂಪಾವತಿಯವರು ಎದ್ದು ನಿಂತು ಕೇಳಿದರು:

"ಸಾಹೇಬ್ರ, ಎಲ್ಲಾ ಖರೆ. ಆದ್ರ ನಮ್ದು ನಿಂತ ದಿನ ಗಂಡು ಯಾವ ಊರಾಗಿರತೈತ್ರಿ?"

"ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳೋಣ" ಎಂದಿರಿ. ಕೊನೆಯಲ್ಲಿ ಊಟವಿತ್ತು.

ಆ ಪ್ರಶ್ನೆಯ ಉತ್ತರವನ್ನು ಹಂದಿಯೇ ಕೊಟ್ಟಿತು. ಮೂರರಲ್ಲಿ ದೊಡ್ಡದಾದ, ಬಿಳಿ ಮೈಗೆ ಒಂದು ಕರಿ ಮಚ್ಚೆಯಿರುವ ಕರಿಮಚ್ಚಿ, ಅಂದರೆ ತಮ್ಮ ಕಡತದ ಏಳುನೂರಾ ಹನ್ನೆರಡನೇ ನಂಬರು, ಜೂನ್ ಆರಕ್ಕೆ ನಿಂತಿತು. ದೊಡ್ಡ ಸಾಹೇಬ ಲಿಂಗಸುಗೂರಿನಲ್ಲಿದ್ದ. ಮುಂದೆ ಜೂನ್ ಇಪ್ಪತ್ತೇಳಕ್ಕೆ ನಿಂತಿತು. ಆಹಾ, ಸಾಹೇಬ ಸಿಂಧನೂರಿನಲ್ಲೇ ಇದ್ದ! ಆದರೆ ಅಂದು ನಾಲ್ಕನೇ ಶನಿವಾರ. ಮರುದಿನ ಭಾನುವಾರ. ಗಂಡಿನ ಕೊಟ್ಟಿಗೆಗೆ ಬೀಗ ಜಡಿದು ಮೇವು ಹಾಕಲು ಮಾತ್ರ ಕಿಂಡಿ ಬಿಟ್ಟಿದ್ದರು. ಸೋಮವಾರ ಹತ್ತೂವರೆಗೆ ಬೀಗ ತೆರೆಯುವ ಹೊತ್ತಿಗೆ ಕರಿಮಚ್ಚಿಯ ಮನಸ್ಸು ಬದಲಾಗಿತ್ತು. ಉಳಿದೆರಡರದೂ ಇದೇ ಕಥೆ, ತಾರೀಖು ಬೇರೆ. ಪಂಪಾವತಿಯವರ ಅತ್ತೆ ಯಮನಮ್ಮ ಆ ದಿನ ಅಂದದ್ದನ್ನು ಯಥಾವತ್ತಾಗಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ:

"ಹಂದಿಗೆ ಕ್ಯಾಲೆಂಡರ್ ಓದಾಕ ಬರಂಗಿಲ್ಲ ಅನ್ನೂದು ನಮಗ ಗೊತ್ತೈತಿ. ಸಾಹೇಬ್ರಿಗೆ ಯಾರರ ಹೇಳ್ಯಾರೇನು?"

ಈಗ ಜುಲೈ ಹದಿನೆಂಟಕ್ಕೆ ಬರೋಣ. ವೇಳಾಪಟ್ಟಿಯ ಪ್ರಕಾರ ಗಂಡು ಮಸ್ಕಿಯಲ್ಲಿ. ಪಂಪಾವತಿಯವರು ಬಾಡಿಗೆಗೆ ಲಗೇಜ್ ಆಟೋ ಹಿಡಿದು ಕರಿಮಚ್ಚಿಯನ್ನು ಏರಿಸಿಯೇ ಬಿಟ್ಟರು. ಅರ್ಜಿ ಬರೆದುಕೊಡಲೆಂದು ಹೋಗಿದ್ದ ನಾನು ಹಗ್ಗ ಹಿಡಿದು ಹಿಂದೆ ಕೂತೆ. ನೂರಿಪ್ಪತ್ತು ಕಿಲೋದ ಹಂದಿ ರಸ್ತೆಯ ತಗ್ಗು ಬಂದಾಗಲೆಲ್ಲ ನನ್ನ ಮೇಲೆ ಒರಗುತ್ತಿತ್ತು. ಆದರೂ ಬಯ್ಯಲಿಲ್ಲ. ತುರ್ತು ಸರ್ಕಾರಿ ಕೆಲಸದ ಮೇಲೆ ಹೊರಟಿತ್ತಲ್ಲ.

ಮಸ್ಕಿಯ ಕೊಟ್ಟಿಗೆಯ ಬಾಗಿಲಲ್ಲಿ ತಮ್ಮ ಕಾವಲುಗಾರ ಬಸ್ಸಪ್ಪ ಕೂತಿದ್ದರು.

"ಯಾವ ತಾಲೂಕಿನ್ ಹಂದಿ ಬೇ ಇದು?"

"ಸಿಂಧನೂರ್ದು ಯಣ್ಣಾ."

"ಇವತ್ತ ತಾರೀಖು ಹದಿನೆಂಟು. ಗಂಡು ಮಸ್ಕಿದು."

"ಮಸ್ಕಿಯವ್ರ ಹಂದಿ ಯಾವ್ದರ ಬಂದೈತೇನು?"

"ಎಂಟ ದಿನಾತು, ಒಂದೂ ಬಂದಿಲ್ಲ."

"ಮತ್ತ ಅದು ಸುಮ್ನ ಕುಂತೈತಲ್ಲೋ ಯಣ್ಣಾ!"

"ಸುಮ್ನ ಕುಂತ್ರೂ ಮಸ್ಕಿ ಲೆಕ್ಕದಾಗ ಕುಂತೈತಿ."

"ಒಂದ್ ತಾಸು ಬಿಡು. ಯಾರು ನೋಡ್ತಾರ?"

"ನಿನ್ ಹಂದಿ ಮರಿ ಹಾಕತೈತಿ, ನನ್ ನೌಕರಿ ಹೊಕ್ಕೈತಿ. ಸಾಹೇಬ್ರ ಚೀಟಿ ತಾ, ಕದ ತೆಗೀತೀನಿ. ನನಗೇನ್ ಹಂದಿ ಮ್ಯಾಲ ಸಿಟ್ಟೈತೇನು?"

ಬಸ್ಸಪ್ಪನವರದು ತಪ್ಪಿಲ್ಲ. ಅಲ್ಲಿಂದಲೇ ತಮಗೆ ನಾನು ಹನ್ನೊಂದು ಸಲ ಫೋನು ಮಾಡಿದೆ. ತಾವು ಸಭೆಯಲ್ಲಿದ್ದಿರಿ. ಸಭೆಯ ವಿಷಯ, ಆಮೇಲೆ ತಿಳಿಯಿತು, 'ತಳಿ ಹಂದಿಗಳಲ್ಲಿ ಸಂತಾನೋತ್ಪತ್ತಿ ಸಾಧನೆಯ ಹೆಚ್ಚಳ'. ಅತ್ತ ಗೋಡೆಯಾಚೆ ದೊಡ್ಡ ಸಾಹೇಬ ಗುಟುರು ಹಾಕುತ್ತಿದ್ದ. ಇತ್ತ ಆಟೋದಲ್ಲಿ ಕರಿಮಚ್ಚಿ ಕಿವಿ ನಿಮಿರಿಸಿ ನಿಂತಿತ್ತು. ಗೋಡೆಯ ಎರಡೂ ಕಡೆ ಅರ್ಜಿದಾರರಿದ್ದರು, ಪರಸ್ಪರ ಒಪ್ಪಿಗೆಯಿತ್ತು, ಮಂಜೂರಾತಿ ಒಂದೇ ಇರಲಿಲ್ಲ. ಮಧ್ಯಾಹ್ನ ಮೂರರವರೆಗೆ ಕಾದು ವಾಪಸು ಬಂದೆವು. ನಾಲ್ಕು ದಿನಕ್ಕೆ ನೋಟೀಸು ಬಂತು.

ಪಂಪಾವತಿಯವರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಹಂದಿ ಹೋಗುವ ಸಾಲಿಗಿಂತ ಅದರ ಹಿಂದಿನ ಸಾಲು ಅವರನ್ನು ಹೆಚ್ಚು ಚುಚ್ಚಿತು.

"ಇಪ್ಪತ್ತ ವರ್ಷ ಹಂದಿ ಸಾಕೀನ್ರಿ. ಎಷ್ಟೋ ಸಲ ನನ್ನ ಕೈಯಾಗ ಮರಿ ಹಿಡದು ಮೂಗು ಒರಸೀನಿ. ಈಗ ನನಗ ಹಂದಿ ಸಾಕಾಕ ಬರಂಗಿಲ್ಲಂತ ಸಿಕ್ಕಾ ಹೊಡದು ಕಳಿಸ್ಯಾರ. ಆ ಹಾಳಿ ಮ್ಯಾಲಿಂದು ಮದ್ಲ ಅಳಸಸ್ರಿ."

ಪೇಟೆಯ ಕೆಲವು ಗಣ್ಯರು "ಹಂದಿ ವಿಷಯಕ್ಕೆಲ್ಲ ಪತ್ರಿಕೆಯಲ್ಲಿ ಪತ್ರವೇ?" ಎಂದು ಮೂಗು ಮುಚ್ಚಿಕೊಂಡು ಕೇಳಿದ್ದಾರೆ. ಸ್ವಾಮಿ, ಕಡತದಲ್ಲಿ 'ವರಾಹ' ಎಂದು ಬರೆದ ಕೂಡಲೇ ವಾಸನೆ ಹೋಗುವುದಾದರೆ, ಅದನ್ನು ದಿನಾ ತೊಳೆದು ಉಣಿಸುವ ಹೆಣ್ಣುಮಗಳಿಗೂ ಅಷ್ಟೇ ಗೌರವದ ಒಂದು ಪದ ಹುಡುಕಿ. 'ನಿರ್ಲಕ್ಷ್ಯ' ಆ ಪದವಲ್ಲ.

ತಾವು ಕೇಳಬಹುದು: ಪರಿಹಾರವೇನು? ಬಹಳ ಕಷ್ಟದ್ದು ಮಾನ್ಯರೇ, ಸಮಿತಿ ಬೇಕಾದೀತು. ಹಂದಿ ನಿಂತ ದಿನ ಸಾಕುವವರು ಫೋನು ಮಾಡುತ್ತಾರೆ, ಯಾರದು ಮೊದಲು ನಿಂತಿತೋ ಅವರಲ್ಲಿಗೆ ಗಂಡು ಹೋಗುತ್ತದೆ. ಇಷ್ಟೇ. ಇದೂ ಆಗದಿದ್ದರೆ ಅವರವರ ಹಟ್ಟಿಯಲ್ಲಿ ಗಂಡು ಇಟ್ಟುಕೊಳ್ಳಲು ಬಿಡಿ. ಗಂಡಿನ ವಾಸನೆ, ಸದ್ದು ಹತ್ತಿರವಿದ್ದರೆ ಹೆಣ್ಣು ಬೇಗ ಬೆದೆಗೆ ಬರುತ್ತದೆ ಎಂದು ತಮ್ಮ ತರಬೇತಿಯ ಒಂಬತ್ತನೇ ಚಿತ್ರದಲ್ಲೇ ಇತ್ತು. ನಾನು ಬರೆದುಕೊಂಡಿದ್ದೇನೆ. ತಾವೂ ಒಮ್ಮೆ ನೋಡಿ.

ಆದ್ದರಿಂದ ನಮ್ಮ ಆಗ್ರಹ: ಆ ನೋಟೀಸನ್ನು ಹಿಂಪಡೆಯಿರಿ, ಹಂದಿಯನ್ನಲ್ಲ. 'ನಿರ್ಲಕ್ಷ್ಯ' ಎಂಬುದನ್ನು ಬರಹದಲ್ಲೇ ಅಳಿಸಿ. ಕರಿಮಚ್ಚಿ ಮತ್ತೆ ನಿಲ್ಲುವುದು ಆಗಸ್ಟ್ ಎಂಟಕ್ಕೆ. ಅಂದು ಎರಡನೇ ಶನಿವಾರ, ಗಂಡು ಲಿಂಗಸುಗೂರಿನಲ್ಲಿ. ಹಾಗಾಗಿ ಏಳರ ಸಂಜೆ ಐದರೊಳಗೆ ಅದನ್ನು ಗೊರೇಬಾಳಕ್ಕೆ ಕಳಿಸುವ ಆದೇಶ ಬೇಕು, ಸೋಮವಾರದವರೆಗೆ ಅಲ್ಲೇ ಇರಲಿ. ಆಮೇಲೆ ನೂರಾ ಹದಿನಾಲ್ಕು ದಿನ ಎಣಿಸಿ, ನವೆಂಬರ್ ಮೂವತ್ತಕ್ಕೆ ಸಾಧನೆ ನೋಡಲು ಬನ್ನಿ. ಸೋಮವಾರವೇ ಬಿದ್ದಿದೆ, ರಜೆಯ ನೆಪವಿಲ್ಲ. ಇದನ್ನು ಬಿಟ್ಟು ಐದನೇ ತಾರೀಖು ತಮ್ಮ ವಾಹನವೇ ಬಂದರೆ, ಹಟ್ಟಿಯ ಬಾಗಿಲಲ್ಲಿ ನಾವೆಲ್ಲ ಇರುತ್ತೇವೆ. ಪಂಪಾವತಿಯವರ ಮಾತು: "ಬರ್ಲಿ ಬಿಡ್ರಿ. ಆಕಿ ಒಲ್ಲೆ ಅಂದ್ರ ಎಷ್ಟ್ ಮಂದಿ ಹಿಡದ್ರೂ ಗಾಡಿ ಏರಂಗಿಲ್ಲ. ನಾನೂ ಅಷ್ಟಾ."

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಆದೇಶವೇನೋ ಬಂದೀತು, ದೊಡ್ಡ ಸಾಹೇಬನನ್ನು ಕರೆತರಲು ಕಚೇರಿಯ ಗಾಡಿ ಬರುವ ನಂಬಿಕೆ ನಮಗಿಲ್ಲ. ಹೋದ ಸಲದ ಆಟೋದವನು ಇನ್ನು ಜನ್ಮದಲ್ಲಿ ಹಂದಿ ಏರಿಸುವುದಿಲ್ಲ ಎಂದು ಆಣೆ ಮಾಡಿದ್ದಾನೆ. ಆಗಸ್ಟ್ ಏಳರ ಸಂಜೆ ಲಿಂಗಸುಗೂರಿನಿಂದ ಸಿಂಧನೂರಿನ ಕಡೆಗೆ ಖಾಲಿ ಬರುವ ಗಾಡಿ ಯಾರದಾದರೂ ಇದ್ದರೆ, ಪಕ್ಕದ ಹಲಗೆ ಎದೆಯೆತ್ತರ ಇದ್ದರೆ ಸಾಕು, ದಯವಿಟ್ಟು ಪತ್ರಿಕೆಯ ಕಚೇರಿಗೆ ಹೇಳಿ ಕಳಿಸಿ. ಕೆಳಗೆ ಹಾಸಲು ನೆಲ್ಲುಹುಲ್ಲು ನಮ್ಮದು, ಗಾಡಿ ತೊಳೆದುಕೊಡುವುದೂ ನಮ್ಮದೇ.

ಇಂತಿ,
ಹನ್ನೊಂದು ಸಲ ಫೋನು ಮಾಡಿ, ಹನ್ನೆರಡನೆಯದನ್ನು ಊರಿಗೆಲ್ಲ ಕೇಳುವಂತೆ ಮಾಡಬೇಕಾಗಿ ಬಂದ,
ಹಂಪಣ್ಣ, ಸಿಂಧನೂರು