ಶಾಫ್ಟಿನೊಳಗೆ ಉಳಿದ ಬಿಗಿ

ಅಪ್ಪಯ್ಯಾ,

ಬೋಟಿನಡಿ ನೀರು ತಳ್ಳುವ ಫ್ಯಾನಿನ ಶಾಫ್ಟ್ ಬಗ್ಗಿದಾಗ, ನಾವುಂದದ ಕಡಲ ದಂಡೆಯಲ್ಲಿ ತೆಂಗಿನ ಕೊರಡಿನ ಮೇಲಿಟ್ಟು ಜಾಕ್ ಒತ್ತಿ ನೀವೇ ನೆಟ್ಟಗೆ ಮಾಡಿದ್ದು ನೆನಪಿದೆಯಾ? ಒಂದು ಕಣ್ಣು ಮುಚ್ಚಿ ನೋಡಿ, "ಕಾಣ್ ಮಗಾ, ಹೊಸ್ದರ್ ಹಾಂಗೇ ಇತ್ತಲೆ!" ಎಂದು ಬೀಗಿದ್ದಿರಿ. ಹೊಸ ಫ್ಯಾನ್ ಕೂರಿಸಲು ಅದರ ತುದಿಯ ಒಂದು ಬದಿಗೆ ಉದ್ದನೆಯ ಕಚ್ಚು ತೆಗೆಸಬೇಕಿತ್ತು. ತಲ್ಲೂರಿನಲ್ಲಿ ಲೇಥ್ ಇಟ್ಟಿದ್ದ ನಿಮ್ಮ ಗೆಳೆಯ ಸಂಜೀವ ಮಾಮನಿಗೆ ಕೊಟ್ಟಿರಿ.

ಕಚ್ಚು ತೆಗೆದದ್ದೇ ತಡ, ಶಾಫ್ಟ್ ಮತ್ತೆ ಬಗ್ಗಿತು. "ಹ್ವಾಯ್, ನಾ ಕೊಟ್ಟದ್ದ್ ನೆಟ್ಟಗಿತ್ತ್. ನೀ ಎಂತ ಮಾಡ್ದೆ?" ಎಂದು ಅಂಗಡಿಯೆದುರೇ ಕೂಗಾಡಿದಿರಿ. ಆಮೇಲೆ ಸಾಯುವವರೆಗೂ ಅವರ ಮುಖ ನೋಡಲಿಲ್ಲ. ಎಂಥ ಸಿಟ್ಟು ಮಾರಾಯ್ರೆ ನಿಮ್ಮದು!

ಅಮ್ಮ ಗುಜರಿಗೆ ಹಾಕಲು ಹೊರಟಿದ್ದ ಆ ಶಾಫ್ಟನ್ನು ಮೊನ್ನೆ ನಮ್ಮ ಲ್ಯಾಬಿಗೆ ಒಯ್ದೆ. ಲೋಹದೊಳಗೆ ಉಳಿದುಬಿಟ್ಟ ಬಿಗಿಯನ್ನು ಅಳೆಯುವುದೇ ಈಗ ನನ್ನ ಕೆಲಸ. ಆ ಬಿಗಿ ಕಣ್ಣಿಗೆ ಕಾಣುವುದಿಲ್ಲ ಅಪ್ಪಯ್ಯ. ಲೋಹದ ಮಿಸುಕನ್ನು ಅಳೆಯುವ ಉಗುರಿನಷ್ಟು ಗೇಜು ಅಂಟಿಸಿ, ನಡುವೆ ಸಣ್ಣ ತೂತು ಕೊರೆದರೆ ಸುತ್ತಲಿನ ಉಕ್ಕು ಒಂಚೂರು ಮಿಸುಕುತ್ತದೆ. ಆ ಮಿಸುಕಿನಿಂದಲೇ ಲೆಕ್ಕ ಹಾಕಬೇಕು. ಪರದೆಯಲ್ಲಿ ಅಂಕಿ ಸರಿದಾಗ ನನ್ನ ಮೈ ಜುಮ್ಮೆಂದಿತು. ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಕಬ್ಬಿಣ. ಅಂದು ನೀವು ಒತ್ತಿದ್ದು, ನೀವು ಹೋದ ಮೇಲೂ ಅದರೊಳಗೆ ಹಾಗೇ... ಹೇಗೆ ಹೇಳಲಿ? ಒಳಗೆ ಒಂದು ಬದಿ ಎಳೆಯುತ್ತಿರುತ್ತದೆ, ಇನ್ನೊಂದು ತಳ್ಳುತ್ತಿರುತ್ತದೆ, ಎರಡೂ ಸಮನಾಗಿರುವುದರಿಂದ ಶಾಫ್ಟ್ ನೆಟ್ಟಗೆ ಕಾಣುತ್ತದೆ. ಮಾಮ ಒಂದು ಬದಿಯಲ್ಲಿ ಕಚ್ಚು ತೆಗೆದರು, ಆ ಸಮ ತಪ್ಪಿತು, ಅದು ತಾನಾಗಿ ಬಗ್ಗಿತು. ಅವರ ತಪ್ಪೇನಿತ್ತು?

ನಿನ್ನೆ ತಲ್ಲೂರಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಮಾಮ ಲೇಥ್ ನಿಲ್ಲಿಸಿ, "ಖಂಡಿತವಾ ಮಗಾ?" ಎಂದರು. "ತೂತು ಕೂದಲೆಳೆಯಷ್ಟು ಸರಿದರೂ, ಕೊರೆಯುವಾಗ ಕೊಂಚ ಬಿಸಿಯಾದರೂ ಅಂಕಿ ಅತ್ತಿತ್ತ ಆಗುತ್ತದೆ. ಇಷ್ಟೇ ಎಂದು ಆಣೆ ಇಡಲಾರೆ. ಆದರೆ ತಪ್ಪಿರಬಹುದಾದದ್ದನ್ನೆಲ್ಲ ಕಳೆದರೂ ಬಿಗಿ ದಂಡಿಯಾಗಿ ಉಳಿಯುತ್ತದೆ ಮಾಮ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ" ಎಂದೆ.

ಅವರು ಕೈ ಒರೆಸಿಕೊಳ್ಳುತ್ತಲೇ ನಿಂತರು. "ನಿನ್ ಅಪ್ಪಯ್ಯ ಬೈದದ್ದಕ್ಕೆ ಬೇಜಾರಿಲ್ಲೆ. ನನ್ ಕೈಯೇ ತಪ್ಪಿತ್ ಅಂದ್ಕಂಡಿದ್ದೆ. ಅದ್ಕೇ ನಿಮ್ಮನಿಗ್ ಬಪ್ಪುಕೆ ಮುಖ ಇರ್ಲಿಲ್ಲೆ" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಈ ಸಲ ನಿಮ್ಮ ತಿಥಿಯ ಊಟಕ್ಕೆ ಅವರನ್ನು ಕರೆದಿದ್ದೇನೆ ಅಪ್ಪಯ್ಯ. "ಬತ್ತೆ" ಎಂದಿದ್ದಾರೆ.